ಬೇಳೆ ಬೇಯದ ಮನೆ ಬೇಡ

ಮೊಮ್ಮಗನ ಹೆಂಡತಿ ಹೋದ ವಾರ ಕೊಯಮತ್ತೂರಿನ ಗಾಂಧಿಪುರಂನ ಅಂಗಡಿಯೊಂದರಿಂದ ಗಂಟೆಗಳ ಗೊಂಚಲು ತಂದಳು. ಸಣ್ಣ ಸಣ್ಣ ಹಿತ್ತಾಳೆ ಕೊಳವೆಗಳು, ನಡುವೆ ಒಂದು ಮರದ ಬಿಲ್ಲೆ, ಗಾಳಿ ಬೀಸಿದರೆ ಕಿಣಿಕಿಣಿ. ಚೀನಾ ದೇಶದವರ ವಾಸ್ತುವಂತೆ. ಹೊಸದಾಗಿ ಹಿಡಿದ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು, "ಅಜ್ಜಿ, ಇದನ್ನ ಯಾವ ದಿಕ್ಕಿಗೆ ಕಟ್ಟಬೇಕು?" ಎಂದು ಕೇಳಿದಳು. ಅವಳಿಗೆ ಉತ್ತರ ಕೊಡುವ ಹೊತ್ತಿಗೆ ನಾನು ಅಡುಗೆಮನೆ ಗೋಡೆಗೆ ಅಂಗೈ ಒತ್ತಿಕೊಂಡು ನಿಂತಿದ್ದೆ. ಮೊಮ್ಮಗ ನಕ್ಕುಬಿಟ್ಟ. "ಶುರುವಾಯ್ತು ನೋಡು. ಇನ್ನು ಅಜ್ಜಿ ಬಚ್ಚಲಿಗೆ ನೀರು ಸುರಿದು ಯಾವ ಕಡೆ ಹರಿಯುತ್ತೆ ಅಂತ ನೋಡ್ತಾರೆ."

ನಗಲಿ. ನಾನು ನೀರು ಸುರಿದೇ ನೋಡಿದೆ.

ಇದು ನನ್ನ ಹಳೆಯ ಚಾಳಿ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆ ಮುಟ್ಟುತ್ತೇನೆ, ಹಿತ್ತಿಲಿಗೆ ಇಣುಕುತ್ತೇನೆ, ಬಾವಿಯೋ ನಲ್ಲಿಯೋ ಇದ್ದರೆ ಒಂದು ಗುಟುಕು ಕುಡಿಯುತ್ತೇನೆ. ಒಮ್ಮೆ ಸಾವಿನ ಮನೆಯಲ್ಲೂ ಹಾಗೆ ಮಾಡಿ ಎಲ್ಲರ ಕೈಯಲ್ಲಿ ಬೈಸಿಕೊಂಡಿದ್ದೇನೆ. ಇದನ್ನು ಕಲಿಸಿದವಳು ನನ್ನ ಅಪ್ಪನ ತಾಯಿ ಸೌಡಮ್ಮಜ್ಜಿ. ಅವಳಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಆದರೆ ನಮ್ಮ ಅನ್ನೂರಿನ ಸುತ್ತ ಹತ್ತು ಹಳ್ಳಿಗಳಲ್ಲಿ ಮನೆ ಕಟ್ಟುವವರು, ಕೊಳ್ಳುವವರು, ಬಾಡಿಗೆಗೆ ಹಿಡಿಯುವವರು ಬಂದು ಅವಳನ್ನು ಕರೆದುಕೊಂಡು ಹೋಗುವ ಒಂದು ಕಾಲ ಬಂತು. ಅದು ಹೇಗೆ ಬಂತು ಎಂಬುದನ್ನೇ ಇಲ್ಲಿ ಹೇಳುತ್ತೇನೆ. ಇದರಲ್ಲಿ ಸ್ವಲ್ಪ ಜಂಬ ಕಂಡರೆ ಅದು ನನ್ನದೇ. ಅಜ್ಜಿಗೆ ಜಂಬಪಡಲು ಪುರುಸೊತ್ತು ಇರಲಿಲ್ಲ.

ನಾವು ನೇಯುವ ಜನ, ದೇವಾಂಗರು. ಯಾವ ಕಾಲದಲ್ಲೋ ಮೇಲಿನ ಸೀಮೆಯಿಂದ ಇಳಿದು ಬಂದು ಕೊಯಮತ್ತೂರಿನ ಕಡೆ ನೆಲೆ ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು; ಎರಡೂ ಎಲ್ಲಿ ಬೆರೆಯುತ್ತವೆ ಎಂಬುದು ನಮಗೇ ತಿಳಿಯದು. ಮಗ್ಗಕ್ಕೆ ನಾವು 'ತರಿ' ಎನ್ನುತ್ತಿದ್ದೆವು, ಬೀದಿಯಲ್ಲಿ ಉದ್ದಕ್ಕೆ ಹಾಸಿ ಗಂಜಿ ಹಚ್ಚುವ ಹಾಸುನೂಲಿಗೆ 'ಪಾವು' ಎನ್ನುತ್ತಿದ್ದೆವು. ಕನ್ನಡ ಅಕ್ಷರ ನಾನು ಕಲಿತದ್ದು ಮದುವೆಯಾದ ಮೇಲೆ, ಕೊಳ್ಳೇಗಾಲದಲ್ಲಿ ಓದಿ ಬಂದಿದ್ದ ಗಂಡನಿಂದ.

ನನಗೆ ಒಂಬತ್ತು ವರ್ಷ. ಸಾವಿರದ ಒಂಬೈನೂರ ಮೂವತ್ತರ ಆಚೀಚೆ ಇರಬೇಕು. ಊರಿನ ಪಕ್ಕದ ರಸ್ತೆಯಲ್ಲಿ ಬಸ್ಸು ಓಡಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಆಗ ನಾವಿದ್ದ ಬಾಡಿಗೆ ಮನೆ ಶಾಸ್ತ್ರದ ಪ್ರಕಾರ ಬಹಳ ಒಳ್ಳೆಯದು. ಪೂರ್ವಕ್ಕೆ ಬಾಗಿಲು, ಈಶಾನ್ಯಕ್ಕೆ ಬಾವಿ, ಆಗ್ನೇಯಕ್ಕೆ ಒಲೆ. ಅಪ್ಪ ಅದನ್ನು ಹಿಡಿಯುವಾಗ ಜೋಸಿಯರನ್ನು ಕರೆಸಿ ಅಳೆಸಿ, ನಿಮಿತ್ತ ನೋಡಿಸಿ, ಎಲ್ಲ ಸರಿಯಾಗಿದೆ ಎಂದ ಮೇಲೆಯೇ ಹಾಲು ಉಕ್ಕಿಸಿದ್ದರು. ಆದರೆ ಅದರ ಹಿಂಗೋಡೆಗೆ ಅಂಟಿಕೊಂಡೇ ಪಕ್ಕದವರ ನೂಲಿಗೆ ಬಣ್ಣ ಹಾಕುವ ತೊಟ್ಟಿಗಳಿದ್ದವು. ಬಣ್ಣದ ನೀರು ಇಂಗಿ ಇಂಗಿ ಹಿಂದಿನ ಕೋಣೆಯ ಗೋಡೆ ವರ್ಷವಿಡೀ ಒದ್ದೆ. ನೀಲಿ ಬಣ್ಣ ಹಾಕಿದ ವಾರ ಗೋಡೆಯ ಬುಡ ನೀಲಿ, ಕೆಂಪು ಹಾಕಿದ ವಾರ ಕೆಂಪು. ನನಗದು ತಮಾಷೆಯಾಗಿ ಕಾಣುತ್ತಿತ್ತು. ಆ ಕೋಣೆಯಲ್ಲೇ ಅಮ್ಮನ ಬಾಣಂತನ.

ನಾನು ಹುಟ್ಟಿದ್ದು ಅಮ್ಮನ ತವರಿನಲ್ಲಿ. ನನ್ನ ಹಿಂದೆ ಇಬ್ಬರು ಆ ಮನೆಯಲ್ಲಿ ಹುಟ್ಟಿದರು. ಒಂದು ಮಗು ಹನ್ನೆರಡು ದಿನ ಇತ್ತು. ಇನ್ನೊಂದು ಮೂರು ತಿಂಗಳು ಇದ್ದು, ನನ್ನ ಬೆರಳು ಹಿಡಿಯುವುದನ್ನು ಕಲಿತು, ಕೆಮ್ಮು ಹಿಡಿದು ಹೋಯಿತು. ಅಮ್ಮ ಮೂರನೆಯ ಸಲ ಬಸುರಿಯಾದಾಗ ಯಾರೂ ಸಂಭ್ರಮಪಡಲಿಲ್ಲ. ಅಮ್ಮ ಮಾತು ಕಡಿಮೆ ಮಾಡಿದಳು. ಒಂದು ದಿನ ಬೆಳಗ್ಗೆ ಅಜ್ಜಿ ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿ, ಆ ಕೈಯನ್ನು ಹಾಗೇ ತಂದು ತರಿಗುಂಡಿಯಲ್ಲಿ ಕೂತಿದ್ದ ಅಪ್ಪನ ಕೆನ್ನೆಗೆ ಇಟ್ಟಳು.

"ಹೆಂಗದೆ?" ಎಂದಳು.

"ತಣ್ಣಗದೆ. ಏನವ್ವಾ ಇದು?"

"ನಿನ್ನ ಮಕ್ಕಳು ಮಲಗಿದ್ದ ಜಾಗ. ಇನ್ನೊಂದು ಕೂಸನ್ನ ನಾನು ಅಲ್ಲಿ ಮಲಗಿಸಾಕಿಲ್ಲ. ಬೇರೆ ಮನೆ ನೋಡು."

"ಜೋಸಿಯರು ನೋಡಿ ಹೇಳಿದ ಮನೆ ಅವ್ವಾ ಇದು."

"ಅವರು ದಿಕ್ಕು ನೋಡಿದ್ರು. ಗೋಡೆ ಮುಟ್ಟಿ ನೋಡ್ಲಿಲ್ಲ. ನಾವೂ ನೋಡ್ಲಿಲ್ಲ, ಅದು ನಮ್ಮ ತಪ್ಪು. ನೀನು ನೇಯ್ತಾ ಇರು. ನಾನೇ ಹೋಗಿ ನೋಡ್ತೀನಿ."

ಹೀಗೆ ಅಜ್ಜಿ ಮನೆ ಹುಡುಕಲು ಹೊರಟಳು. ಜೊತೆಗೆ ನಾನು, ಅವಳ ಗಂಟು ಹೊರಲು. ಗಂಟಿನಲ್ಲಿ ಏನೇನಿತ್ತು ಎಂದು ಕೇಳಿದರೆ ನೀವೂ ನಗುತ್ತೀರಿ: ಒಂದು ಹಿಡಿ ತೊಗರಿಬೇಳೆ, ಒಂದು ಪುಟ್ಟ ಮಣ್ಣಿನ ಮಡಕೆ, ಒಂದು ಹಿತ್ತಾಳೆ ಚೊಂಬು, ಒಂದು ಚೂರು ಗಂಜಿ ಹಾಕಿದ ನೂಲು.

ಬೇಳೆ ಯಾಕೆಂದರೆ, ನಮ್ಮ ಕಡೆ ಬಾವಿಗಳು ಆಳ. ಒಂದು ಬಾವಿ ಸಿಹಿನೀರಾದರೆ ಅದರ ಪಕ್ಕದ್ದು ಉಪ್ಪುನೀರು. ಕುಡಿದರೆ ಸ್ವಲ್ಪ ಗೊತ್ತಾಗುತ್ತದೆ, ಆದರೆ ನಾಲಿಗೆಗಿಂತ ಬೇಳೆ ಖಚಿತ. ಅಜ್ಜಿ ಆ ಮನೆಯ ಬಾವಿಯ ನೀರು ಸೇದಿ, ಮೂರು ಕಲ್ಲು ಹೂಡಿ, ಹಿತ್ತಿಲಲ್ಲೇ ಬೇಳೆ ಬೇಯಲು ಇಡುತ್ತಿದ್ದಳು. ಹೊತ್ತಾದರೂ ಬೇಳೆ ಕಲ್ಲಿನಂತೆಯೇ ಇದ್ದರೆ ಆ ಮನೆ ಬೇಡ. "ಇಲ್ಲಿ ಬರೋಳು ದಿನಾ ಎರಡು ಪಟ್ಟು ಸೌದೆ ಉರಿಸಬೇಕು. ಅಷ್ಟು ಹೊತ್ತು ಹೊಗೆ ಕುಡೀಬೇಕು" ಎನ್ನುತ್ತಿದ್ದಳು. ಮೊದಲನೆಯ ಮನೆ ಬೇಳೆಯಲ್ಲೇ ಬಿದ್ದುಹೋಯಿತು. ಮನೆಯ ಒಡೆಯ ಪಕ್ಕದಲ್ಲೇ ನಿಂತು ದಿಕ್ಕುಗಳ ಮಹಿಮೆ ಹೇಳುತ್ತಲೇ ಇದ್ದ. ಅಜ್ಜಿ ಒಂದು ಬೇಳೆಯನ್ನು ಎರಡು ಬೆರಳಲ್ಲಿ ಹಿಡಿದು ಅವನ ಕೈಗೆ ಕೊಟ್ಟು ಎದ್ದು ಬಂದಳು.

ಚೊಂಬಿನ ನೀರು ನೆಲದ ಮೇಲೆ ಸುರಿಯಲು. ಅದು ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ಎಂದು ನೋಡಲು. ನೂಲು ತರಿ ಇಡುವ ಕಡೆ ಕಟ್ಟಿ ಬಿಟ್ಟು, ಒಂದು ಹಗಲು ಕಳೆದ ಮೇಲೆ ಬಂದು ನೋಡಲು. ಬಿಗಿದು ಎಳೆದರೆ ಪಟ್ಟನೆ ಕಡಿದರೆ ಆ ಜಾಗದಲ್ಲಿ ಗಾಳಿ ಬಹಳ ಒಣ. ಆಷಾಢದ ಆಡಿ ತಿಂಗಳಲ್ಲಿ ಪಡುವಣ ಪಾಲಕ್ಕಾಡಿನ ಕಡೆಯಿಂದ ಗಾಳಿ ಎದ್ದಾಗ ಅಲ್ಲಿ ಕಡಿದ ಎಳೆ ಕಟ್ಟಿ ಕಟ್ಟಿಯೇ ದಿನ ಹೋಗುತ್ತದೆ. ತೀರ ಮೆತ್ತಗಿದ್ದರೆ ಅಲ್ಲಿ ತೇವ, ನಾವು ಬಿಡಲು ಹೊರಟ ಮನೆಯದೇ ಕಥೆ. ಮನೆ ನೋಡಲು ಮಟಮಟ ಮಧ್ಯಾಹ್ನವೇ ಹೋಗಬೇಕು ಎಂಬುದು ಅವಳ ಇನ್ನೊಂದು ಪಟ್ಟು. ಬೆಳಗ್ಗೆ ಯಾವ ಮನೆಯಾದರೂ ಚೆನ್ನಾಗಿ ಕಾಣುತ್ತದೆ.

ಎರಡನೆಯ ಮನೆಯಲ್ಲಿ ಬೇಳೆ ಬೆಂತು, ನೀರು ಹರಿಯಿತು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ಸುಮ್ಮನೆ ಕೂತಳು. ಪಕ್ಕದ ಮನೆಯ ಹೆಂಗಸು ಹೊರಬಂದು ನಮ್ಮನ್ನು ನೋಡಿ ಏನೂ ಕೇಳದೆ ಒಳಗೆ ಹೋದಳು. ಇನ್ನೊಬ್ಬಳು ಬಂದಳು, ಅವಳೂ ಹಾಗೇ ಹೋದಳು. ಬಿಸಿಲಿಗೆ ನನ್ನ ಬಾಯಿ ಒಣಗಿತ್ತು. ಅಜ್ಜಿ ಎದ್ದು ಸೀರೆ ಕೊಡವಿಕೊಂಡಳು. "ಒಂದು ಚೊಂಬು ನೀರು ಬೇಕಾ ಅಂತ ಒಬ್ಬಳೂ ಕೇಳ್ಲಿಲ್ಲ. ನಿಮ್ಮ ಅಮ್ಮನಿಗೆ ನೋವು ಬಂದಾಗ ಯಾರನ್ನ ಕೂಗೋದು?" ಅಷ್ಟೇ. ಆ ಮನೆಯನ್ನೂ ಬಿಟ್ಟೆವು.

ಮೂರನೆಯದು ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಮನೆ. ಉತ್ತರದಿಂದ ದಕ್ಷಿಣಕ್ಕೆ ಇಳಿಜಾರಾಗಿ ಬರುವ ಬೀದಿ ನೇರವಾಗಿ ಬಂದು ಅದರ ಬಾಗಿಲಿಗೇ ನಿಲ್ಲುತ್ತಿತ್ತು. ಅಲ್ಲಿಂದ ಎಡಕ್ಕೂ ಬಲಕ್ಕೂ ಸಣ್ಣ ಓಣಿಗಳು. ಇದಕ್ಕೆ ನಮ್ಮ ಕಡೆ 'ತೆರುಕುತ್ತು' ಎನ್ನುತ್ತಾರೆ. ಬೀದಿ ಈಟಿಯ ಹಾಗೆ ಬಂದು ಮನೆಯನ್ನು ಕುತ್ತುತ್ತದೆ ಎಂದು. ಅಂಥ ಮನೆಯಲ್ಲಿ ಇದ್ದವರು ಉದ್ಧಾರವಾಗುವುದಿಲ್ಲ, ಅದರಲ್ಲೂ ಮನೆಯ ಹೆಂಗಸಿಗೆ ಕೇಡು ಎಂಬ ನಂಬಿಕೆ. ನನಗೂ ಅದು ಗೊತ್ತಿತ್ತು, ಹೊಸ್ತಿಲು ದಾಟಲು ಹೆದರಿ ಹೊರಗೇ ನಿಂತೆ.

ಒಳಗೆ ಅಜ್ಜಿ ಗೋಡೆ ಗೋಡೆ ಮುಟ್ಟಿ ನೋಡಿದಳು, ಒಣಗಿ ಬೆಚ್ಚಗಿದ್ದವು. ಬೇಳೆ ಇಟ್ಟಳು. ಒಲೆಗೆ ಇನ್ನೊಂದು ಕಡ್ಡಿ ತರಲೆಂದು ನಾನು ಹೋಗಿ ಬರುವಷ್ಟರಲ್ಲಿ ಬೇಳೆ ಅರಳಿತ್ತು. ಎದುರು ಸಾಲಿನ ಮನೆಯಿಂದ ಗೌಂಡರ ಮನೆಯ ಕುಪ್ಪಾತ್ತಾ ಎಂಬ ಹೆಂಗಸು ಮಜ್ಜಿಗೆ ಚೊಂಬು ಹಿಡಿದುಕೊಂಡು ಓಡೋಡಿ ಬಂದಳು. "ಏನಮ್ಮಾ, ಪುಳ್ಳೆಯನ್ನ ವೆಯಿಲಲ್ಲಿ ನಿಲ್ಲಿಸಿದ್ದೀರಾ?" ಎಂದು, ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ತನಗೆ ಬರುತ್ತಿದ್ದ ಅರ್ಧ ಕನ್ನಡದಲ್ಲಿ ಅಜ್ಜಿಯನ್ನೇ ಗದರಿದಳು. ಅಜ್ಜಿ ಮಜ್ಜಿಗೆ ಕುಡಿದು, ಬಾಗಿಲಲ್ಲಿ ನಿಂತು ಬೀದಿಯನ್ನು ನೋಡತೊಡಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನಷ್ಟಕ್ಕೆ ನಕ್ಕಳು.

"ಏನಜ್ಜಿ?"

"ಪಾವು ಹಾಸಕ್ಕೆ ಇದಕ್ಕಿಂತ ಜಾಗ ಎಲ್ಲದೆ ಹೇಳು. ಬಾಗಿಲಿಂದ ನೇರವಾಗಿ ಬೀದಿ. ಎರಡು ಕಡೆ ಮನೆ, ಪಡುವಣ ಗಾಳಿ ತಾಗಾಕಿಲ್ಲ. ಬಡಗಣ ಬೆಳಕು ತರಿ ಮೇಲೆ ಬೀಳ್ತದೆ. ಇಷ್ಟು ದಿನ ನೇಯೋರು ಯಾರೂ ಈ ಮನೆ ನೋಡಿಲ್ವಾ?"

ನೋಡಿದ್ದರು, ಹೆದರಿದ್ದರು. ಅಪ್ಪನೂ ಹೆದರಿದರು. ಅಜ್ಜಿ ಹೇಳಿದ್ದನ್ನು ಕೇಳಿ ಅವರ ಮುಖ ಬಿಳಿಚಿಕೊಂಡಿತು. "ಎರಡು ಹೋಗಿದ್ದು ಸಾಲದಾ ಅವ್ವಾ? ಈಗ ಇವಳನ್ನೂ ಕಳಕೊಳ್ಳಬೇಕಾ?" ಎಂದು, ಯಾವತ್ತೂ ಗಟ್ಟಿಯಾಗಿ ಮಾತಾಡದವರು ಕೂಗಿದರು. ಅಜ್ಜಿ ಎದುರಾಡಲಿಲ್ಲ. "ಜೋಸಿಯರನ್ನೇ ಕರಿ. ಅವರ ಮುಂದೇ ಮಾತಾಡಾಣ" ಎಂದಳು.

ನಾವೆಲ್ಲ ಆ ಖಾಲಿ ಮನೆಯಲ್ಲಿ ಸೇರಿದ ದಿನ ಜೋಸಿಯರು ಬಂದರು. ಅವರ ಬಗ್ಗೆ ಹಗುರವಾಗಿ ಬರೆಯಲು ನನಗೆ ಮನಸ್ಸಿಲ್ಲ. ತೆಳ್ಳಗಿನ, ಶಿಸ್ತಿನ ಮುದುಕರು. ತಾಳೆಗರಿಯ ಕಟ್ಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಬರುತ್ತಿದ್ದರು. ನಂಬಿದ್ದನ್ನೇ ಹೇಳುತ್ತಿದ್ದರು. ಮಾತು ತಮಿಳಿನಲ್ಲಿ, ನಿಧಾನವಾಗಿ. ಅವರು ಮೊದಲು ನಡುಮನೆಯನ್ನು ಅಪ್ಪನ ಪಾದದಲ್ಲಿ ಅಳೆಸಿದರು. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಅಪ್ಪ ನಡೆದರು. ಹದಿಮೂರು ಅಡಿ ಬಂತು. ಜೋಸಿಯರು ತಲೆಯಾಡಿಸಿದರು. ಹದಿಮೂರು ಆಗದು. ಹದಿನಾರು ಬಂದಿದ್ದರೆ ಉತ್ತಮ ಎಂದರು.

ಅಜ್ಜಿ ಕಂಬಕ್ಕೆ ಒರಗಿ ನಿಂತಿದ್ದಳು. "ಸಾಮೀ, ಯಾರ ಪಾದದಲ್ಲಿ ಅಳೀಬೇಕು ಅಂತ ಶಾಸ್ತ್ರದಲ್ಲಿದೆ?" ಎಂದು ಕೇಳಿದಳು.

"ಮನೆಯನ್ನು ಆಳುವವರ ಪಾದ."

"ನನ್ನ ಮಗ ಬೆಳಗಾದ್ರೆ ತರಿಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರ್ತಾನೆ. ಹೊತ್ತು ಮುಳುಗಿದ ಮೇಲೆ ಎದ್ದೇಳ್ತಾನೆ. ಅವನ ಪಾದ ಈ ಮನೆ ನೆಲ ತುಳಿಯೋದು ಯಾವಾಗ? ತುಳಿಯೋಳು ನನ್ನ ಸೊಸೆ. ಅವಳ ಪಾದದಲ್ಲಿ ಅಳೆದ್ರೆ ತಪ್ಪಾ?"

ಜೋಸಿಯರು ಕೆಂಪು ಬಟ್ಟೆ ಬಿಚ್ಚಿ ಗರಿ ತೆಗೆದು, ಕಣ್ಣಿನ ಹತ್ತಿರ ಹಿಡಿದು ತುಟಿಯಲ್ಲೇ ಓದಿಕೊಂಡರು. ಆಮೇಲೆ, "ಗಂಡಸಿನ ಪಾದ ಎಂದು ಇಲ್ಲಿ ಬರೆದಿಲ್ಲ" ಎಂದರು.

ಆರು ತಿಂಗಳ ಬಸುರಿ ಅಮ್ಮ ಗೋಡೆಗೆ ಒಂದು ಕೈ ಕೊಟ್ಟು ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆದಳು. ನಾನು ಗಟ್ಟಿಯಾಗಿ ಎಣಿಸಿದೆ. ಅಮ್ಮನ ಪಾದ ಬಹಳ ಚಿಕ್ಕದು. ಆ ಊರಲ್ಲಿ ಅವಳ ಅಳತೆಯ ಕಾಲುಂಗುರ ಸಿಗುತ್ತಿರಲಿಲ್ಲ. ಎದುರು ಗೋಡೆ ಮುಟ್ಟಿದಾಗ ಹದಿನಾರು. ನಾನು 'ಹದಿನಾರು' ಎಂದು ಕಿರುಚಿದ್ದು ಕುಪ್ಪಾತ್ತಾನ ಮನೆಯವರೆಗೂ ಕೇಳಿತಂತೆ.

ಜೋಸಿಯರ ಮುಖದಲ್ಲಿ ಮೊದಲ ಸಲ ಒಂದು ನಗು ಬಂತು. ಆದರೆ ಅವರು ಸುಳ್ಳು ಹೇಳುವವರಲ್ಲ. "ಅಡಿಲೆಕ್ಕ ಸರಿ. ಆದರೆ ತೆರುಕುತ್ತು ಹಾಗೇ ಇದೆಯಲ್ಲ, ತಾಯೀ. ಅದಕ್ಕೆ ಯಾರ ಪಾದವೂ ಪರಿಹಾರವಲ್ಲ."

"ನನಗೆ ಗೊತ್ತು" ಎಂದಳು ಅಜ್ಜಿ. "ಅದನ್ನ ಬರೆದೋರು ಸುಮ್ಮನೆ ಬರೆದಿರಾಕಿಲ್ಲ. ನಾನು ಬಾಗಿಲಲ್ಲಿ ನಿಂತು ಯೋಚನೆ ಮಾಡ್ದೆ. ಬೀದಿ ನೇರವಾಗಿ ಬಂದ್ರೆ ಏನು ಬರ್ತದೆ? ಮಳೆನೀರು ಬರ್ತದೆ. ದೂಳು ಬರ್ತದೆ. ಬೆದರಿದ ಎತ್ತು ಬರ್ತದೆ. ನೀರಿಗೆ ಪಕ್ಕದಲ್ಲಿ ಕಾಲುವೆ ತೋಡ್ತೀನಿ. ಉಳಿದದ್ದಕ್ಕೆ ನೀವು ಹೇಳಿ."

"ಬಾಗಿಲ ಮುಂದೆ ಪಿಳ್ಳೈಯಾರನ್ನು ಇಡಬೇಕು."

"ಗಣಪನ್ನ ಇಡೋಣ ಸಾಮೀ. ಆದ್ರೆ ಚಿಕ್ಕದಾಗಿ ಗೂಡಲ್ಲಿ ಬೇಡ. ಬಂಡಿ ಬಂದ್ರೂ ತಡೆಯೋ ಹಂಗೆ ಇಡೋಣ."

ಅಪ್ಪ ಇನ್ನೂ ಒಪ್ಪಿರಲಿಲ್ಲ. ಬೀದಿಯ ಕಡೆ ಬೆನ್ನು ತಿರುಗಿಸಿ ನಿಂತಿದ್ದರು. ಆಗ ಅಜ್ಜಿ ಒಂದು ಕೆಲಸ ಮಾಡಿದಳು. ನಮ್ಮ ಕಡೆ ಆಗಿನ ಕಾಲದಲ್ಲಿ ಯಾರೂ ಮಾಡದ ಕೆಲಸ. ನನ್ನ ಅಮ್ಮನ ಕಡೆ ತಿರುಗಿ, "ಕುತ್ತಿದ್ರೆ ನಿನ್ನನ್ನೇ ಕುತ್ತೋದು ಅಂತಾರೆ. ನೀನು ಹೇಳು. ನೀನು ಬೇಡ ಅಂದ್ರೆ ನಾನು ಇನ್ನೊಂದು ಮಾತಾಡಾಕಿಲ್ಲ" ಎಂದಳು.

ಎಲ್ಲರೂ ಅಮ್ಮನನ್ನು ನೋಡಿದರು. ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. ಮಾವನ ವಯಸ್ಸಿನ ಹಿರಿಯರ ಮುಂದೆ ಅವಳು ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅತ್ತೆ, ಆ ಮನೇಲಿ ಶಾಸ್ತ್ರ ಎಲ್ಲಾ ಸರಿಯಾಗಿತ್ತು. ನನ್ನ ಮಕ್ಕಳು ಮಾತ್ರ ಉಳೀಲಿಲ್ಲ. ಇಲ್ಲಿ ನಡೆದಾಗ ನನಗೆ ಉಸಿರು ಸಲೀಸಾಗಿ ಬಂತು. ನಾನು ಇಲ್ಲೇ ಹೆರ್ತೀನಿ."

ಅಪ್ಪ ಮೇಲುವಸ್ತ್ರದಿಂದ ಕಣ್ಣು ಒತ್ತಿಕೊಂಡರು. ಜೋಸಿಯರು ಗರಿಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ತಾವೇ ಪಂಚಾಂಗ ನೋಡಿ ಹಾಲು ಉಕ್ಕಿಸಲು ದಿನ ಹೇಳಿ ಹೊರಟರು.

ಊರಾಚೆ ಒಂದು ಹಾಳು ಗಾಣವಿತ್ತು. ಅದರ ಕಲ್ಲು ಒರಳು ಒಬ್ಬ ಆಳಿನ ಎದೆಯೆತ್ತರ; ಯಾವ ಕಾಲದಿಂದಲೋ ಮುಳ್ಳುಗಂಟಿಯಲ್ಲಿ ಮಲಗಿತ್ತು. ಅಜ್ಜಿ ಕುಪ್ಪಾತ್ತಾನ ಗಂಡನ ಎರಡು ಜೊತೆ ಎತ್ತು ಹೂಡಿಸಿ, ಮರದ ಉರುಳೆ ಕೊಟ್ಟು ಅದನ್ನು ಎಳೆಸಿಕೊಂಡು ಬಂದು ಬಾಗಿಲಿನಿಂದ ಆರು ಹೆಜ್ಜೆ ಮುಂದೆ, ಬೀದಿಯ ನಟ್ಟನಡುವೆ, ಮೊಣಕಾಲುದ್ದ ಹೂಳಿ ನಿಲ್ಲಿಸಿದಳು. ಅದರ ಮೇಲೆ ಒಂದು ಗೇಣುದ್ದದ ಪಿಳ್ಳೈಯಾರ್. ಊರಿನವರು ನಕ್ಕರು. ಇಷ್ಟು ಸಣ್ಣ ದೇವರಿಗೆ ಇಷ್ಟು ದೊಡ್ಡ ಪೀಠವೇ ಎಂದರು. ಅಜ್ಜಿ ಗರಿಕೆ ಏರಿಸಿ ಕೈಮುಗಿದು ಒಳಗೆ ಹೋದಳು. ಪಕ್ಕದಲ್ಲಿ ಕಾಲುವೆ ತೋಡಿಸಿ ಅದರ ನೀರನ್ನು ಹಿತ್ತಿಲ ನುಗ್ಗೆಮರಕ್ಕೆ ತಿರುಗಿಸಿದಳು. ತರಿಯನ್ನು ಬಡಗಣ ಬೆಳಕಿಗೆ ಕೂರಿಸಿದಳು. ಬಾಣಂತಿ ಕೋಣೆಯನ್ನು ಮನೆಯಲ್ಲೆಲ್ಲ ಬೆಚ್ಚಗಿದ್ದ ಮೂಲೆಗೆ ಇಟ್ಟಳು. ಅದು ಯಾವ ದಿಕ್ಕಿನ ಮೂಲೆ ಎಂದು ನನಗೆ ಇವತ್ತಿಗೂ ನೆನಪಿಲ್ಲ. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿಯಿಂದ ನಾಲ್ಕು ಬೊಟ್ಟಿನಷ್ಟು ಒಳಗೆ ಬೀಳುತ್ತಿದ್ದದ್ದು ನೆನಪಿದೆ.

ಮೊದಲ ಪಾವು ಹಾಸಿದ ಬೆಳಗ್ಗೆ ನೋಡಬೇಕಿತ್ತು ನೀವು. ಸೂರ್ಯ ಇನ್ನೂ ಮೇಲೇರಿರಲಿಲ್ಲ. ನಮ್ಮ ಬಾಗಿಲಿನಿಂದ ಬೀದಿಯುದ್ದಕ್ಕೂ ಬಿಳಿಯ ನೂಲು, ನಡುನಡುವೆ ಅಡ್ಡಕೋಲು, ಕಲ್ಲಿನ ಎರಡು ಪಕ್ಕಕ್ಕೆ ಕವಲಾಗಿ ಹರಿದ ಹಾಗೆ ಎರಡು ಪಾವು. ಅಪ್ಪ ಗಂಜಿಯ ಕುಂಚ ಹಿಡಿದು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಒಂದು ಎಳೆಯೂ ಕಡಿಯಲಿಲ್ಲ. ಅವರು ಗುನುಗುತ್ತಿದ್ದರು. ನಮ್ಮ ಅಪ್ಪನಿಗೆ ಹಾಡು ಬರುತ್ತದೆಂದು ನನಗೆ ಆವತ್ತೇ ಗೊತ್ತಾದದ್ದು.

ಅಮ್ಮ ಹೆತ್ತಳು, ಹೆಣ್ಣುಮಗು. ಚಿನ್ನಮ್ಮ ಎಂದು ಹೆಸರಿಟ್ಟೆವು. ಹನ್ನೆರಡು ದಿನ ಕಳೆಯಿತು. ಮೂರು ತಿಂಗಳು ಕಳೆಯಿತು. ಆ ತಿಂಗಳುಗಳನ್ನು ಅಮ್ಮ ಹೇಗೆ ದಾಟಿದಳೋ. ನಾನಂತೂ ಮಗು ಸೀನಿದರೆ ಸಾಕು ಪಿಳ್ಳೈಯಾರನ ಮುಂದೆ ಮೂರು ಸಲ ತಲೆಗೆ ಗುದ್ದಿಕೊಂಡು ಕಿವಿ ಹಿಡಿದು ಬಸ್ಕಿ ಹೊಡೆಯುತ್ತಿದ್ದೆ. ನಾಲ್ಕನೆಯ ತಿಂಗಳು ಮಗು ಕೇಕೆ ಹಾಕಿ ನಕ್ಕಿತು. ಏಳನೆಯ ತಿಂಗಳಲ್ಲಿ ಆ ಘಟನೆ ನಡೆಯಿತು.

ಹತ್ತಿ ಬಿಡಿಸುವ ಕಾಲ. ಜಗಲಿಯ ತೊಲೆಗೆ ಸೀರೆಯ ಜೋಲಿ ಕಟ್ಟಿ ಚಿನ್ನಮ್ಮನನ್ನು ಮಲಗಿಸಿದ್ದರು. ನಾನು ತೂಗುತ್ತಿದ್ದೆ. ಬೀದಿಯ ಮೇಲ್ತುದಿಯಲ್ಲಿ ಹತ್ತಿಮೂಟೆ ಹೇರಿದ ಬಂಡಿಯೊಂದು ನಿಂತಿತ್ತು. ಅದೇ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಬಂದು ಭೋಂ ಎಂದು ಕೂಗಿತು. ಎತ್ತುಗಳು ಬೆದರಿದವು. ಬಂಡಿ ಇಳಿಜಾರಿಗೆ ತಿರುಗಿತು. ಬಂಡಿಯವನು ಹಗ್ಗ ಹಿಡಿದು ಜೋತುಬಿದ್ದು ಕಿರುಚುತ್ತಿದ್ದ. ಇಡೀ ಬೀದಿ ಎದ್ದು ನಮ್ಮ ಮೇಲೆಯೇ ಬರುತ್ತಿರುವ ಹಾಗೆ ಕಂಡಿತು ನನಗೆ.

ಆ ದಿನ ನಾನು ತಂಗಿಯನ್ನು ಅವಚಿಕೊಂಡು ಉಳಿಸಿದೆ ಎಂದು ಮದುವೆಯಾದ ಹೊಸತರಲ್ಲಿ ಗಂಡನಿಗೆ ಕಥೆ ಹೇಳಿದ್ದುಂಟು. ನಿಜ ಹೇಳುತ್ತೇನೆ: ನಾನು ಜೋಲಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡೆ, ಉಟ್ಟ ಪಾವಾಡೆ ಲಂಗ ಒದ್ದೆ ಮಾಡಿಕೊಂಡೆ. ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗಲಿಲ್ಲ.

ಢಣ್ ಎಂದು ಸದ್ದಾಯಿತು. ಕಣ್ಣು ತೆರೆದಾಗ ಬಂಡಿಯ ಅಚ್ಚು ಗಾಣದ ಕಲ್ಲಿಗೆ ಬಡಿದು ಮುರಿದಿತ್ತು. ನೊಗ ಕಳಚಿಕೊಂಡ ಎತ್ತುಗಳು ಓಣಿಯ ಕಡೆ ಓಡಿ ನಿಂತಿದ್ದವು. ಮೂಟೆ ಒಡೆದು ಹತ್ತಿ ನಮ್ಮ ಜಗಲಿಯವರೆಗೂ ಚೆಲ್ಲಿತ್ತು. ಕಲ್ಲು ಒಂದು ಎಳ್ಳಿನಷ್ಟೂ ಕದಲಿರಲಿಲ್ಲ. ಚಿನ್ನಮ್ಮ ಎಚ್ಚರಗೊಂಡು ಗಾಳಿಯಲ್ಲಿ ಹಾರುತ್ತಿದ್ದ ಹತ್ತಿಯನ್ನು ಹಿಡಿಯಲು ಕೈ ಚಾಚುತ್ತಿದ್ದಳು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಮಗುವನ್ನು ಎತ್ತಿಕೊಂಡಳು. ಅಜ್ಜಿ ಮಗುವನ್ನು ಒಂದು ಸಲ ನೋಡಿದವಳೇ, ನೇರ ಹೋಗಿ ಬಿದ್ದಿದ್ದ ಬಂಡಿಯವನನ್ನು ಎಬ್ಬಿಸಿ, "ಎಲ್ಲಾದ್ರೂ ಪೆಟ್ಟಾಯ್ತಾಪ್ಪಾ?" ಎಂದು ಕೇಳಿದಳು.

ಜೋಸಿಯರು ಸುದ್ದಿ ಕೇಳಿ ಸಂಜೆಗೆ ಬಂದರು. ಕಲ್ಲನ್ನು ಸುತ್ತಿ ನೋಡಿದರು. "ಪಿಳ್ಳೈಯಾರ್ ಕಾಪಾಡಿದ" ಎಂದರು.

"ಹೌದು ಸಾಮೀ" ಎಂದಳು ಅಜ್ಜಿ. "ಅವನಿಗೆ ನಿಲ್ಲಕ್ಕೆ ಗಟ್ಟಿ ಜಾಗ ಕೊಟ್ಟಿದ್ವಲ್ಲ."

ಅದಾದ ಮೇಲೆ ಯಾರಾದರೂ ಮನೆಯ ವಿಷಯ ಕೇಳಲು ಬಂದರೆ ಜೋಸಿಯರೇ, "ಆ ದೇವಾಂಗರ ಮನೆಯ ಅಮ್ಮನನ್ನು ಕರೆದು ಗೋಡೆ, ನೀರು ತೋರಿಸಿ. ದಿಕ್ಕು, ತಿಥಿ ನಾನು ನೋಡುತ್ತೇನೆ" ಎಂದು ಹೇಳಿ ಕಳಿಸುತ್ತಿದ್ದರು. ಅವಿನಾಶಿಯ ಕಡೆಯಿಂದ, ತಿರುಪ್ಪೂರಿನ ಕಡೆಯಿಂದಲೂ ಜನ ಬಂದರು. ಅಜ್ಜಿ ಒಂದು ಎಲೆ ಅಡಿಕೆಯ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಬೆಂದ ಬೇಳೆಯನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತಿರಲಿಲ್ಲ. ದಾರಿಯಲ್ಲಿ ಉಪ್ಪು ಹಾಕಿಕೊಂಡು ನಾವಿಬ್ಬರೂ ತಿನ್ನುತ್ತಿದ್ದೆವು. ಯಾವ ಊರಿನ ಬೇಳೆ ಎಷ್ಟು ರುಚಿ ಎಂದು ನಾನು ಇಂದಿಗೂ ಹೇಳಬಲ್ಲೆ.

ಅವಳು ಕೊನೆಯದಾಗಿ ನೋಡಿದ ಮನೆ ನನ್ನ ಅತ್ತೆಯ ಮನೆ.

ನನಗೆ ಹದಿನೇಳು ತುಂಬುತ್ತಿತ್ತು. ತಿರುಪ್ಪೂರಿನ ಹತ್ತಿರದ ಒಂದು ನೇಕಾರರ ಮನೆಯಿಂದ ಸಂಬಂಧ ಬಂತು. ನಾಲ್ಕು ತರಿ, ಹೆಂಚಿನ ಮನೆ, ಹುಡುಗ ಓದುಬರಹ ಬಲ್ಲವನು. ಅಪ್ಪ ಹುಡುಗನನ್ನು ನೋಡಿ ಬಂದು ಒಪ್ಪಿದ್ದರು. "ನಾನು ಹುಡುಗನ್ನ ನೋಡಾಕಿಲ್ಲ, ಅದು ನಿನ್ನ ಕೆಲಸ. ನಾನು ಮನೆ ನೋಡ್ತೀನಿ" ಎಂದು ಅಜ್ಜಿ ಹೊರಟಳು. ಮದುವೆಗೆ ಮೊದಲು ಹುಡುಗಿ ಹೋಗುವಂತಿಲ್ಲ. ಆದ್ದರಿಂದ ಮುಂದಿನದು ನಾನು ಅಪ್ಪನ ಬಾಯಿಂದ ಕೇಳಿದ್ದು.

ಎಲ್ಲ ಚೆನ್ನಾಗಿತ್ತಂತೆ. ಗೋಡೆ, ನೀರು, ನೆಲ. ಕೊನೆಗೆ ಅಜ್ಜಿ ಅಡುಗೆಮನೆಗೆ ಹೋದಳು. ಹೋದವಳು ಕೆಮ್ಮುತ್ತ ಹೊರಗೆ ಬಂದಳು. ಒಳಗೆ ಕತ್ತಲು, ಹೊಗೆ. ಆಗ್ನೇಯ ಮೂಲೆಯ ಗೋಡೆ ಒಡೆದರೆ ಮನೆಗೆ ಆಗದು ಎಂದು ಅಲ್ಲಿ ಒಂದು ಕಿಂಡಿಯನ್ನೂ ಇಟ್ಟಿರಲಿಲ್ಲ. ಜಗಲಿಯಲ್ಲಿ ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅಜ್ಜಿ ಹುಡುಗನ ತಂದೆಯನ್ನು ಕೇಳಿದಳು:

"ಮನೆ ಲಕ್ಷಣವಾಗಿದೆ. ಹುಡುಗನೂ ಲಕ್ಷಣವಾಗಿದ್ದಾನೆ. ನಿಮ್ಮ ಮನೆಯಾಕೆ ಕಣ್ಣನ್ನ ಯಾವತ್ತಾದ್ರೂ ಬೆಳಕಲ್ಲಿ ನೋಡಿದೀರಾ?"

ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನ ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡರಂತೆ. ಇಪ್ಪತ್ತು ವರ್ಷ ಹೊಗೆ ಕುಡಿದು ಅವರ ಕಣ್ಣು ಸದಾ ಕೆಂಪು, ಸದಾ ನೀರು.

"ನನ್ನ ಮೊಮ್ಮಗಳಿಗೆ ನಾನು ಬೇರೇನೂ ಕೇಳಾಕಿಲ್ಲ" ಎಂದಳು ಅಜ್ಜಿ. "ಆ ಗೋಡೆ ಹಂಗೇ ಇದ್ರೆ ಹುಡುಗಿ ಕೊಡಾಕಿಲ್ಲ." ಹೇಳಿ ಎದ್ದಳು.

ಒಂದು ವಾರ ಕಳೆಯಿತು. ಮೂರು ವಾರ ಕಳೆಯಿತು. ಆ ಕಡೆಯಿಂದ ಸುದ್ದಿಯೇ ಇಲ್ಲ. ನೆಂಟರು ಅಜ್ಜಿಯನ್ನು ಬೈದರು. ನಾನೂ ಒಳಗೊಳಗೇ ಬೈದುಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಹುಡುಗನ ಬಣ್ಣನೆ ಕೇಳಿ ಆಗಲೇ ಅರ್ಧ ಸೋತಿದ್ದೆ. ಅಜ್ಜಿ ಮಾತ್ರ ತನ್ನ ಪಾಡಿಗೆ ರಾಟೆಯಲ್ಲಿ ನೂಲು ಸುತ್ತುತ್ತ ಕೂತಿದ್ದಳು. ನಾಲ್ಕನೆಯ ವಾರ, ದಿನ ಗೊತ್ತು ಮಾಡಿ ಎಂದು ಹೇಳಿಕಳಿಸಿದರು. ಬೇರೆ ಏನನ್ನೂ ಹೇಳಿರಲಿಲ್ಲ.

ಮದುವೆ ಮುಗಿಸಿ, ಆ ಮನೆಯ ಹೊಸ್ತಿಲು ದಾಟಿ, ದೀಪ ಹಚ್ಚಿ, ಹಾಲು ಹಣ್ಣು ತಿಂದು, ಎಲ್ಲ ಶಾಸ್ತ್ರ ಮುಗಿದ ಮೇಲೆ ಅತ್ತೆ ಬಂದು ನನ್ನ ಕೈ ಹಿಡಿದುಕೊಂಡರು. ಬಹಳ ಮಾತಿನವರಲ್ಲ ಅವರು. ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋದರು. ಒಲೆಯ ಮೇಲಿನ ಗೋಡೆಯಲ್ಲಿ ಎರಡು ಮೊಳ ಅಗಲದ ಕಿಟಕಿ. ಸುತ್ತಲಿನ ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಹೊರಗೆ ಒಂದು ಪೂವರಸು ಮರ, ಅದರ ಹಳದಿ ಹೂ, ಆಚೆ ಯಾರದೋ ಜೋಳದ ಹೊಲ. ಬೆಳಗಿನ ಬಿಸಿಲು ಒಲೆಕಟ್ಟೆಯ ಮೇಲೆ ಬಿದ್ದಿತ್ತು.

ಅತ್ತೆ ಬಾಣಲೆ ಇಟ್ಟು ಎಣ್ಣೆ ಬಿಟ್ಟು ಸಾಸಿವೆ ಹಾಕಿದರು. ಅದು ಚಟಪಟ ಸಿಡಿಯತೊಡಗಿದಾಗ, ಬಾಣಲೆಯ ಮೇಲೆ ಬಗ್ಗಿ ಮಗುವಿನ ಹಾಗೆ ನೋಡಿದರು.

"ಇಷ್ಟು ವರ್ಷ ಇದನ್ನ ಕಿವಿಯಲ್ಲಿ ಕೇಳಿ ಒಗ್ಗರಣೆ ಮಾಡ್ದೆ ಕಣಮ್ಮಾ" ಎಂದರು. "ಈಗ ಕಣ್ಣಲ್ಲಿ ನೋಡಿ ಮಾಡ್ತಾ ಇದ್ದೀನಿ."